ಹವಳದ ಟ್ಯಾಂಕಿನ ಪಾಚಿ ಮತ್ತು ನಮ್ಮ ಬೋರಿನ ನೀರು

(ವಿಜಯಪುರದಲ್ಲಿ ಮೀನು ಸಾಕುವ ಗೆಳೆಯರು ಒಂದು ಭಾನುವಾರ ಸಂಜೆ ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬರುವಾಗ ಒಂದೊಂದು ಬಾಟಲಿ ನೀರು ತರಬೇಕು ಅಂತ ಮೊದಲೇ ಹೇಳಿದ್ದೆ. ನಿಮ್ಮ ಟ್ಯಾಂಕಿನ ನೀರಲ್ಲ, ಟ್ಯಾಂಕಿನ ನೀರು ಆರಿದಾಗ ಮೇಲಿಂದ ಸುರಿಯುತ್ತೀರಲ್ಲ, ಆ ನೀರು. ಹನ್ನೊಂದು ಬಾಟಲಿ ಬಂದಿವೆ. ಟೇಬಲ್ಲಿನ ಮೇಲೆ ಹಾಗೇ ಇರಲಿ, ಕೊನೆಗೆ ಒಂದೊಂದಾಗಿ ನೋಡೋಣ.

ನಾನು ಈ ಊರಲ್ಲಿ ಹದಿನೇಳು ವರ್ಷದಿಂದ ಮನೆಮನೆಗೆ ಹೋಗಿ ಆರ್‌ಓ ಫಿಲ್ಟರ್ ರಿಪೇರಿ ಮಾಡುತ್ತೇನೆ. ಹವಳದ ಟ್ಯಾಂಕು ಇಟ್ಟು ಆರು ವರ್ಷವಾಯಿತು. 200 ಲೀಟರಿನ ಟ್ಯಾಂಕು. ಒಂದು ಜೋಡಿ ಕ್ಲೌನ್ ಮೀನು, ಒಂದು ಬ್ಲೆನ್ನಿ, ಝೊವಾಂಥಿಡ್, ಮಶ್ರೂಮ್, ಒಂದು ಲೆದರ್ ಕೋರಲ್ ಇವೆ. ಹವಳಗಳೆಲ್ಲ ಮೆತ್ತನೆಯ ಜಾತಿಯವು. ನಮ್ಮ ದೇಶದ ಕಡಲಿನ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿವೆ, ಅಂದರೆ ಹುಲಿ ಇರುವ ಪಟ್ಟಿಯಲ್ಲಿ. ಯಾರಾದರೂ ಕಡಿಮೆ ಬೆಲೆಗೆ, ಕಾಗದಪತ್ರ ಇಲ್ಲದೆ ಕೊಡುತ್ತೇನೆ ಅಂದರೆ ದಯವಿಟ್ಟು ಕೈ ಹಾಕಬೇಡಿ. ಈ ಮಾತನ್ನು ಮೊದಲೇ ಹೇಳಿ ಮುಂದೆ ಹೋಗುತ್ತೇನೆ.

ಪಾಚಿ ನಮಗೆ ಹೊಸದೇನಲ್ಲ. ನಮ್ಮವ್ವ ಹಿತ್ತಲಲ್ಲಿದ್ದ ದನದ ಬಾನಿಯನ್ನು ವಾರಕ್ಕೊಮ್ಮೆ ಬರಿದು ಮಾಡಿ, ತೆಂಗಿನ ನಾರಿಗೆ ಬೂದಿ ಹಚ್ಚಿಕೊಂಡು ತಿಕ್ಕುತ್ತಿದ್ದಳು. ಬಿಸಿಲಿಗಿದ್ದ ಬಾನಿಗೆ ಪಾಚಿ ಬೇಗ ಹಿಡಿಯುತ್ತಿತ್ತು, ಬೇವಿನ ನೆರಳಿನದಕ್ಕೆ ತಡವಾಗಿ. ಬಾದಾಮಿಯ ಅಗಸ್ತ್ಯ ತೀರ್ಥ ಹಸಿರುಗಟ್ಟಿದ್ದನ್ನು ನೋಡಿದ್ದೀರಿ. ನಮ್ಮೂರ ತಾಜ್ ಬಾವಡಿಯನ್ನೂ ನೋಡಿದ್ದೀರಿ. ನಿಂತ ನೀರು, ಬಿಸಿಲು, ಅದರೊಳಗೆ ಬೀಳುವ ಕೊಳೆ, ಈ ಮೂರು ಕೂಡಿದಲ್ಲಿ ಪಾಚಿ ಬರುತ್ತದೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲೂ ಕತೆ ಅದೇ. ಒಂದು ವ್ಯತ್ಯಾಸ ಮಾತ್ರ ಇದೆ: ಬಾನಿಯ ಹಾಗೆ ಇದನ್ನು ಬರಿದು ಮಾಡಿ ಬೂದಿ ಹಚ್ಚಿ ತಿಕ್ಕಲು ಬರುವುದಿಲ್ಲ. ಯಾಕೆ ಬರುವುದಿಲ್ಲ ಅಂದರೆ, ನಾವು ಉಳಿಸಿಕೊಳ್ಳಬೇಕಾದ ಹವಳ ಕೂಡ ಪಾಚಿಯಿಂದಲೇ ಬದುಕಿದೆ.

ಈ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಹವಳದ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸಣ್ಣ ಕಂದು ಕೋಶಗಳು ಲಕ್ಷಗಟ್ಟಲೆ ಇರುತ್ತವೆ. ಅವು ಬೆಳಕು ಹಿಡಿದು ಸಕ್ಕರೆ ಮಾಡಿ ಹವಳಕ್ಕೆ ಉಣಿಸುತ್ತವೆ. ಹವಳ ಅವಕ್ಕೆ ಇರಲು ಜಾಗ ಕೊಟ್ಟು, ತನ್ನ ಮೈಯಿಂದ ಹೊರಬೀಳುವ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ. ಕಡಲು ಕಾದಾಗ ಹವಳ ಬಿಳಚಿಕೊಂಡಿತು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದು ಈ ಪಾಚಿ ಮೈಬಿಟ್ಟು ಹೋದ ಸ್ಥಿತಿ. ಹಾಗಾಗಿ "ಪಾಚಿ ಕೊಲ್ಲುವ ಔಷಧ" ಅಂತ ಬಾಟಲಿಯ ಮೇಲೆ ಬರೆದಿದ್ದರೆ, ಯಾವ ಪಾಚಿಯನ್ನು ಅಂತ ಕೇಳಬೇಕಾಗುತ್ತದೆ. ನಾನು ಮೊದಲ ವರ್ಷ ಕೇಳಲಿಲ್ಲ. ಅಂಗಡಿಯ ಹೆಸರು ಬೇಡ, ಬಾಟಲಿಯ ಹೆಸರೂ ಬೇಡ. ಅವರು ಹೇಳಿದ ಅಳತೆಯಲ್ಲೇ ಹಾಕಿದೆ. ಎರಡು ದಿನದಲ್ಲಿ ಕಲ್ಲಿನ ಮೇಲಿನ ಹಸಿರೆಲ್ಲ ಬೆಳ್ಳಗಾಗಿ ಉದುರಿತು. ಉದುರಿದ್ದು ಅಲ್ಲೇ ಕೊಳೆಯಿತು, ಕೊಳೆಯುವಾಗ ನೀರಿನ ಆಮ್ಲಜನಕ ಎಳೆದುಕೊಂಡಿತು. ಮೂರನೇ ದಿನ ಬೆಳಗಿನ ಜಾವ ಎದ್ದು ನೋಡಿದರೆ ಒಂದು ಕ್ಲೌನ್ ಮೀನು ನೀರಿನ ಮೇಲ್ಗಡೆ ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಇನ್ನೊಂದು ಕಲ್ಲಿನ ಸಂದಿಯಲ್ಲಿ ಸತ್ತುಬಿದ್ದಿತ್ತು. ಇಪ್ಪತ್ತು ದಿನಕ್ಕೆ ಪಾಚಿ ಮೊದಲಿಗಿಂತ ದಟ್ಟವಾಗಿ ಬಂತು. ಸತ್ತ ಪಾಚಿಯ ಗೊಬ್ಬರವೇ ಹೊಸ ಪಾಚಿಗೆ ಸಿಕ್ಕಿತ್ತು.

ಆಗ ನನ್ನ ಹೆಂಡತಿ ಒಂದು ಮಾತು ಅಂದಳು. "ಮೀನು ಅವೇ ಅದಾವ, ಲೈಟ ಅದೇ ಐತಿ, ಕೂಳೂ ಅಷ್ಟೇ ಹಾಕತೀರಿ. ದಿನಾ ಒಳಗ ಹೊಸದಾಗಿ ಹೋಗೂದು ಏನೈತಿ? ನೀರು. ನೀರು ನೋಡ್ರಿ ಮೊದಲ."

ನಮ್ಮ ಮನೆಯ ಬೋರಿನ ನೀರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ್ದೆಲ್ಲದರ ಒಟ್ಟು ಅಳತೆ, ಬೇಸಿಗೆಯಲ್ಲಿ 1400. ಇದರಲ್ಲಿ ಆಶ್ಚರ್ಯವಿಲ್ಲ, ನಿಮ್ಮ ಕಡೆಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಟ್ಯಾಂಕಿಗೆ ಹಾಕುತ್ತಿದ್ದುದು ಅಡುಗೆಮನೆಯ ಆರ್‌ಓ ನೀರು. ಕುಡಿಯಲು ಸಿಹಿಯಾಗಿದೆ, ಇನ್ನೇನು ಬೇಕು ಅಂದುಕೊಂಡಿದ್ದೆ. ಮೀಟರ್ ಅದ್ದಿದರೆ 180 ತೋರಿಸಿತು. ಇಲ್ಲಿ ಕೂತವರಲ್ಲಿ ಎಷ್ಟು ಜನ ಮನೆಯ ಆರ್‌ಓ ಮುಚ್ಚಳ ತೆಗೆದು ನೋಡಿದ್ದೀರೋ ಗೊತ್ತಿಲ್ಲ. ಮೆಂಬ್ರೇನಿನಿಂದ, ಅಂದರೆ ನೀರು ಸೋಸುವ ಪೊರೆಯಿಂದ, ಬರುವ ಪೈಪಿಗೆ ಒಂದು ಸಣ್ಣ ಟಿ ಜೋಡಿಸಿ, ಅದಕ್ಕೊಂದು ಬೆರಳುದ್ದದ ತಿರುಪು ಇಟ್ಟಿರುತ್ತಾರೆ. ಅದಕ್ಕೆ ಟಿಡಿಎಸ್ ಕಂಟ್ರೋಲರ್ ಅಂತಾರೆ. ತೀರಾ ಸಪ್ಪೆ ನೀರು ಬಾಯಿಗೆ ರುಚಿ ಬರುವುದಿಲ್ಲ ಅಂತ, ಮೆಂಬ್ರೇನ್ ದಾಟದ ನೀರನ್ನು ಅಲ್ಲಿಂದ ಸ್ವಲ್ಪ ಬೆರೆಸುತ್ತದೆ. ಕುಡಿಯುವವರಿಗೆ ಒಳ್ಳೆಯ ಏರ್ಪಾಡು. ಹವಳಕ್ಕೆ ಅಲ್ಲ.

ಆ 180ರಲ್ಲಿ ಏನೇನಿದೆ ಅಂತ ಮೀಟರ್ ಹೇಳುವುದಿಲ್ಲ. ಅದಕ್ಕೆ, ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಅಳೆಯುವ ಕಿಟ್ ತಂದು ನೋಡಿದೆ. ಲೀಟರಿಗೆ 12 ಮಿಲಿಗ್ರಾಂ ಬಂತು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು ಅಂತ ನಮ್ಮ ದೇಶದ ಮಾನಕವೇ ಹೇಳುತ್ತದೆ. ನಮ್ಮ ಸುತ್ತಲಿನ ಕಬ್ಬಿನ, ದ್ರಾಕ್ಷಿಯ ಹೊಲಗಳಿಗೆ ಹಾಕಿದ ಯೂರಿಯಾದ ಒಂದು ಪಾಲು ನೆಲಕ್ಕಿಳಿದು ಬೋರಿಗೆ ಬರುತ್ತದೆ. ಮನುಷ್ಯರಿಗೆ 12 ಏನೂ ಅಲ್ಲ. ಈಗ ಲೆಕ್ಕ ಮಾಡಿ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಗಾಳಿ ಒಣಗಾಳಿ. ಟ್ಯಾಂಕು 26 ಡಿಗ್ರಿಯ ಆಸುಪಾಸಿನಲ್ಲಿರಲಿ ಅಂತ ಮೇಲೆ ಫ್ಯಾನು ಹಾಕುತ್ತೇವೆ. ನನ್ನ ಟ್ಯಾಂಕಿನಿಂದ ದಿನಕ್ಕೆ ಮೂರೂವರೆ ಲೀಟರ್ ಆರಿಹೋಗುತ್ತಿತ್ತು. ತಿಂಗಳಿಗೆ 105 ಲೀಟರ್, ಅಂದರೆ ಟ್ಯಾಂಕಿನ ಅರ್ಧಕ್ಕಿಂತ ಹೆಚ್ಚು. ಆರುವುದು ಬರೀ ನೀರು; ಅದರಲ್ಲಿ ಕರಗಿದ್ದು ಯಾವುದೂ ಆರುವುದಿಲ್ಲ. ನಾನು ಸುರಿದ 105 ಲೀಟರಿನಲ್ಲಿ 12ರಂತೆ 1260 ಮಿಲಿಗ್ರಾಂ ನೈಟ್ರೇಟ್ ಒಳಗೆ ಹೋಯಿತು, ಹೊರಗೆ ಬರಲಿಲ್ಲ. 200 ಲೀಟರಿಗೆ ಹಂಚಿದರೆ ತಿಂಗಳಿಗೆ ಲೀಟರಿಗೆ ಆರು ಚಿಲ್ಲರೆ ಏರಬೇಕು. ಬೇಸಿಗೆಯ ಮೂರು ತಿಂಗಳಿಗೆ ಹತ್ತೊಂಬತ್ತರ ಹತ್ತಿರ. ಹವಳದ ಟ್ಯಾಂಕಿನಲ್ಲಿ ನಾವು ಬಯಸುವುದು ಎರಡರಿಂದ ಹತ್ತರ ಒಳಗೆ. ಮಂಗಳೂರಿನಲ್ಲಿ ಕೂತು ಇದೇ ಟ್ಯಾಂಕು ಇಟ್ಟವರಿಗೆ ಈ ತೊಂದರೆ ಇಷ್ಟು ಬರಲಾರದು, ಅಲ್ಲಿಯ ಹಸಿಗಾಳಿಯಲ್ಲಿ ನೀರು ಹೀಗೆ ಆರುವುದಿಲ್ಲ. ಬಯಲುಸೀಮೆಯವರು ಹವಳ ಇಟ್ಟರೆ ಮೊದಲು ನೋಡಬೇಕಾದ್ದು ಇದನ್ನೇ ಅಂತ ನಾನು ಕಂಡವರಿಗೆಲ್ಲ ಹೇಳುತ್ತೇನೆ. ಪುಸ್ತಕಗಳಲ್ಲಿ ಇದಕ್ಕೆ ಒಂದೇ ಸಾಲು ಸಿಗುತ್ತದೆ.

ಇಲ್ಲಿ ಒಂದು ಮೋಸವಿದೆ, ಗಮನ ಕೊಡಿ. ಟ್ಯಾಂಕಿನ ನೀರಿಗೇ ಕಿಟ್ ಹಾಕಿದರೆ ಸೊನ್ನೆ ಬರುತ್ತಿತ್ತು. ಕಲ್ಲು ತುಂಬ ಕೂದಲು ಪಾಚಿ, ಕಿಟ್ಟಿನಲ್ಲಿ ಸೊನ್ನೆ! ಬಂದದ್ದನ್ನು ಬಂದಹಾಗೆ ಪಾಚಿ ಹೀರಿಕೊಂಡುಬಿಡುತ್ತಿತ್ತು, ನೀರಿನಲ್ಲಿ ಉಳಿಯಲು ಏನೂ ಇರಲಿಲ್ಲ. ಕಿಟ್ ನೋಡಿ "ನನ್ನ ನೀರು ಸ್ವಚ್ಛ ಐತಿ" ಅನ್ನುವವರನ್ನು ತುಂಬ ನೋಡಿದ್ದೇನೆ. ಪಾಚಿಯ ಮೈಯಲ್ಲಿ ಎಷ್ಟಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರಿಹಾರ ದುಬಾರಿ ಅಲ್ಲ. ತಿರುಪು ಪೂರ್ತಿ ಮುಚ್ಚಿದೆ, 180 ಇದ್ದದ್ದು 50ಕ್ಕೆ ಇಳಿಯಿತು. ಅದರ ಮುಂದೆ, ನೀರಿನಲ್ಲಿ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ಹರಳು ತುಂಬಿದ ಒಂದು ಕ್ಯಾನಿಸ್ಟರ್ ಜೋಡಿಸಿದೆ, ಸೊನ್ನೆಯಾಯಿತು. ರೆಸಿನ್ ಬಣ್ಣ ಬದಲಾದರೆ ಮುಗಿಯಿತು ಅಂತ ಅರ್ಥ, ಬದಲಿಸಬೇಕು. ಈ ನೀರನ್ನು ಕುಡಿಯಲು ಬಳಸಬೇಡಿ, ಅದಕ್ಕೆ ಬೇರೆ ನಲ್ಲಿ ಇಟ್ಟುಕೊಳ್ಳಿ.

ಪಾಚಿಗೆ ಬೇಕಾದ ಇನ್ನೊಂದು ಗೊಬ್ಬರ ರಂಜಕ (ಫಾಸ್ಫರಸ್), ಅದರ ಕಡೆ ಸ್ವಲ್ಪ. ಕಡಲಿನ ತೇಲುಜೀವಿಗಳ ಮೈಯಲ್ಲಿ 106 ಪಾಲು ಇಂಗಾಲ, 16 ಪಾಲು ಸಾರಜನಕ ಇದ್ದರೆ ರಂಜಕ 1 ಪಾಲು ಅಂತ ಆಲ್ಫ್ರೆಡ್ ರೆಡ್‌ಫೀಲ್ಡ್ ಎಂಬ ವಿಜ್ಞಾನಿ ತೋರಿಸಿದರು. ಅಷ್ಟು ಕಡಿಮೆ ಸಾಕು. ನಮ್ಮಲ್ಲಿ ಅದು ಹೆಚ್ಚಾಗಿ ಬರುವುದು ಆಹಾರದಿಂದ. ಫ್ರೀಜ್ ಮಾಡಿದ ಸೀಗಡಿಯನ್ನು ಕರಗಿದ ನೀರಿನ ಸಮೇತ ಸುರಿಯಬೇಡಿ. ಚಹಾ ಸೋಸುವ ಜಾಲರಿಯಲ್ಲಿ ಹಾಕಿ ತೊಳೆದು ಹಾಕಿ. ಇನ್ನೊಂದು, ಕಲ್ಲು ರಂಜಕವನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಬಿಡುತ್ತಿರುತ್ತದೆ. ಅದಕ್ಕೇ ನೀರು ಸರಿ ಮಾಡಿದ ಮರುವಾರವೇ ಪಾಚಿ ಹೋಗುವುದಿಲ್ಲ. ನನಗೆ ನಾಲ್ಕೂವರೆ ತಿಂಗಳು ಹಿಡಿಯಿತು.

ಆ ನಾಲ್ಕೂವರೆ ತಿಂಗಳು ನಾನು ಮಾಡಿದ್ದು ಕೈಕೆಲಸ. ಹೊಲದಲ್ಲಿ ಕರಕಿ ತೆಗೆದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೇಲೆ ಮೇಲೆ ಕಿತ್ತರೆ ತುಂಡು ತುಂಡಿನಿಂದ ಮತ್ತೆ ಚಿಗುರುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಪಂಪುಗಳನ್ನು ನಿಲ್ಲಿಸುತ್ತಿದ್ದೆ, ತುಂಡುಗಳು ಊರೆಲ್ಲ ಹರಡಬಾರದು ಅಂತ. ಒಂದು ತೆಳು ಪೈಪಿನ ತುದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಪೈಪಿನ ಇನ್ನೊಂದು ತುದಿಯನ್ನು ಕೆಳಗಿನ ಬಕೆಟ್ಟಿನಲ್ಲಿಟ್ಟ ಬಟ್ಟೆಚೀಲಕ್ಕೆ ಇಳಿಸುತ್ತಿದ್ದೆ. ಬ್ರಷ್ಷು ಉಜ್ಜಿದ ಕಡೆಯಲ್ಲೇ ಪೈಪು ಎಳೆದುಕೊಳ್ಳುತ್ತದೆ. ಚೀಲದಲ್ಲಿ ಸೋಸಿದ ನೀರು ಮತ್ತೆ ಟ್ಯಾಂಕಿಗೆ. ಉದ್ದ ಎಳೆಗಳನ್ನು ಮೊದಲು ಬೆರಳಿಗೆ ಸುತ್ತಿ, ಬುಡದಿಂದ, ಸಾವಕಾಶ. ಕೈಗೆ ಅದು ನೆನೆದ ಹತ್ತಿಯ ಹಾಗೆ ಸಿಗುತ್ತದೆ, ಹಿಂಡಿದರೆ ಹುಲ್ಲಿನ ಮತ್ತು ಉಪ್ಪಿನ ವಾಸನೆ. ಮೊದಲ ವಾರ ಒಂದು ತಂಬಿಗೆ ತುಂಬ ಬಂತು. ಆ ಒಂದು ತಂಬಿಗೆಯೊಳಗೆ ನಾನು ಬೋರಿನಿಂದ ತಂದು ಸುರಿದ ನೈಟ್ರೇಟ್ ಇತ್ತು. ಅದು ಹೊರಗೆ ಬಂತು ಅನ್ನುವುದೇ ಸಮಾಧಾನ.

ಗಾಜಿನ ಗುಂಡಿನಂತೆ ಹೊಳೆಯುವ ಗುಳ್ಳೆ ಪಾಚಿ, ವಲೋನಿಯಾ, ಬಂದಿದ್ದರೆ ಒಡೆಯದೆ ಬುಡಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ಕೊಟ್ಟು ಎಬ್ಬಿಸಿ. ದ್ರಾಕ್ಷಿಯಷ್ಟು ದೊಡ್ಡದಾದರೂ ಆ ಗುಳ್ಳೆ ಒಂದೇ ಒಂದು ಜೀವಕೋಶ. ಮೊದಲ ಸಲ ಕೈಯಲ್ಲಿ ಹಿಡಿದಾಗ ನಾನು ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತಿದ್ದೆ.

ಕೈಕೆಲಸದ ಜೊತೆಗೆ ಮೇಯುವವರು ಬೇಕು. ಕೆರಿಬಿಯನ್ ಕಡಲಿನಲ್ಲಿ ಉದ್ದ ಮುಳ್ಳಿನ ಡಯಾಡೆಮಾ ಎಂಬ ಕಡಲ ಮುಳ್ಳುಚೆಂಡು ಹವಳದ ಮೇಲಿನ ಪಾಚಿಯನ್ನು ಮೇಯುತ್ತಿತ್ತು. 1983-84ರಲ್ಲಿ ಒಂದು ರೋಗ ಬಂದು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತವು. ಜಮೈಕಾದಲ್ಲಿ ಹೆಚ್ಚು ಮೀನು ಹಿಡಿದು, ಪಾಚಿ ತಿನ್ನುವ ಮೀನುಗಳೂ ಆಗಲೇ ಕಡಿಮೆಯಾಗಿದ್ದವು. ಬಿರುಗಾಳಿಗಳೂ ಹೊಡೆದಿದ್ದವು. 1970ರ ದಶಕದ ಕೊನೆಯಲ್ಲಿ ಕಡಲ ತಳದ ಅರ್ಧಕ್ಕಿಂತ ಹೆಚ್ಚು ಭಾಗ ಮುಚ್ಚಿದ್ದ ಜೀವಂತ ಹವಳ, 1990ರ ದಶಕದ ಹೊತ್ತಿಗೆ ನೂರಕ್ಕೆ ಐದಕ್ಕಿಂತ ಕೆಳಗಿಳಿದು, ಆ ಜಾಗವನ್ನೆಲ್ಲ ಪಾಚಿ ಹಿಡಿಯಿತು. ಇಡೀ ಕಡಲಿಗೇ ಹೀಗಾದರೆ, ಮೇಯುವವರಿಲ್ಲದ ನಮ್ಮ 200 ಲೀಟರ್ ಎಷ್ಟರದು?

ನನ್ನಲ್ಲಿ ಆರು ಟ್ರೋಕಸ್ ಬಸವನಹುಳುಗಳಿವೆ. ಮೆಕ್ಸಿಕೋ ಕಡೆಯ ಟರ್ಬೋ ಇನ್ನೂ ಚುರುಕಾಗಿ ತಿನ್ನುತ್ತದೆ, ಆದರೆ ಅದು ತಂಪು ನೀರಿನದು. ನಮ್ಮ ಬೇಸಿಗೆಯಲ್ಲಿ ಕರೆಂಟು ಹೋಗಿ ಟ್ಯಾಂಕು 30 ಮುಟ್ಟಿದರೆ ಉಳಿಯುವುದು ಕಷ್ಟ. ಟ್ರೋಕಸ್ ಮಗುಚಿ ಬಿದ್ದರೂ ತಾನೇ ತಿರುಗಿಕೊಳ್ಳುತ್ತದೆ. ಕೊಳ್ಳುವಾಗ ಬಿಲ್ಲು ಕೇಳಿ, ನಮ್ಮ ಕಡಲಿನ ಟ್ರೋಕಸ್ ನಿಲೋಟಿಕಸ್ ಮೇಲೂ ಅದೇ 1972ರ ಕಾಯ್ದೆಯ ರಕ್ಷಣೆ ಇದೆ. ಹಳದಿ ಟ್ಯಾಂಗ್ ಮೀನು ಪಾಚಿ ತಿನ್ನುತ್ತದೆ ಅಂತ ಸಣ್ಣ ಟ್ಯಾಂಕಿಗೆ ತರಬೇಡಿ. ಅದು ದಿನವಿಡೀ ಈಜಾಡುವ ಮೀನು, ಇಕ್ಕಟ್ಟಿನಲ್ಲಿ ನರಳುತ್ತದೆ. ರಾತ್ರಿ ಲೈಟು ಆರಿದ ಮೇಲೆ ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಕಟ್ಟಿ ಗಾಜಿನ ಹತ್ತಿರ ಕೂತು ನೋಡಿ. ಬಸವನಹುಳು ಬಾಯಿ ತೆರೆಯುತ್ತದೆ, ಒಳಗಿಂದ ಅರದಂಥ ನಾಲಿಗೆ ಬಂದು ಗಾಜನ್ನು ಒಮ್ಮೆ ಕೆರೆದು ಒಳಗೆ ಹೋಗುತ್ತದೆ, ಮತ್ತೆ ಬರುತ್ತದೆ. ಬೆಳಿಗ್ಗೆ ಗಾಜಿನ ಮೇಲೆ ಅದು ನಡೆದ ದಾರಿ ಅಂಕುಡೊಂಕಾಗಿ ಕಾಣುತ್ತದೆ, ರಂಗೋಲಿಯ ಎಳೆಯ ಹಾಗೆ.

ಪಾಚಿಗೆ ಬೇರೆ ಕಡೆ ಜಾಗ ಮಾಡಿಕೊಡುವುದೂ ಒಂದು ದಾರಿ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ ಈ ದಾರಿಯಲ್ಲಿ ತುಂಬ ಕೆಲಸ ಮಾಡಿದವರು. ಜಾಲರಿಯ ಮೇಲೆ ಬೇಕೆಂದೇ ಪಾಚಿ ಬೆಳೆಸಿ, ಕೊಯ್ದು ತೆಗೆಯುವುದು. ನಾನು ಕೆಳಗಿನ ತೊಟ್ಟಿಯಲ್ಲಿ ಕೀಟೊಮಾರ್ಫಾ ಎಂಬ ಸಿಕ್ಕುಗೂದಲಿನಂಥ ಪಾಚಿ ಬೆಳೆಸುತ್ತೇನೆ, ಅದಕ್ಕೆ ರಾತ್ರಿ ಬೆಳಕು. ಬದುವಿನ ಮೇಲೆ ಹುಲ್ಲು ಬಿಟ್ಟು ಕೊಯ್ದು ದನಕ್ಕೆ ಹಾಕುತ್ತೇವಲ್ಲ, ಹಾಗೆ. ಕೊಯ್ಯದೆ ಬಿಟ್ಟರೆ ಉಪಯೋಗವಿಲ್ಲ.

ಈಗ ನನ್ನ ಎರಡನೇ ತಪ್ಪು. ನೀರು ಸರಿಯಾಯಿತು, ಪಾಚಿ ಇಳಿಯಿತು, ಇನ್ನೂ ಸ್ವಚ್ಛವಾಗಲಿ ಅಂತ ರಂಜಕ ಹೀರುವ ಕಬ್ಬಿಣದ ಹರಳು ಎರಡು ಪಟ್ಟು ಹಾಕಿದೆ. ನೈಟ್ರೇಟ್ ಸೊನ್ನೆ, ರಂಜಕ ಸೊನ್ನೆ; ಈ ಸಲ ನಿಜವಾದ ಸೊನ್ನೆ. ಹದಿನೈದು ದಿನಕ್ಕೆ ಮರಳಿನ ಮೇಲೆ ಕಂದು ಲೋಳೆ ಬಂತು. ಸಿಂಬಳದ ಹಾಗೆ ಎಳೆ ಎಳೆ, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಕಡಿಮೆಯಾಗಿ ಮಧ್ಯಾಹ್ನ ಮತ್ತೆ ದಟ್ಟ. ಎರಡು ಬಸವನಹುಳು ಸತ್ತವು. ಪರಿಚಯದ ಮೇಷ್ಟ್ರೊಬ್ಬರ ಶಾಲೆಯ ಮೈಕ್ರೋಸ್ಕೋಪಿನಲ್ಲಿ 400 ಪಟ್ಟು ದೊಡ್ಡದು ಮಾಡಿ ನೋಡಿದೆವು. ಎಳ್ಳಿನ ಆಕಾರದ ಕೋಶಗಳು, ಒಂದು ತುದಿ ಕಟ್ಟಿಹಾಕಿದಂತೆ ಅಲ್ಲೇ ಗಿರಗಿರನೆ ಸುತ್ತುತ್ತಿದ್ದವು. ಆಸ್ಟ್ರಿಯಾಪ್ಸಿಸ್ ಎಂಬ ಡೈನೋಫ್ಲಾಜೆಲ್ಲೇಟ್, ಒಂದೇ ಕೋಶದ ಸೂಕ್ಷ್ಮಜೀವಿ. ಹೊಟ್ಟೆಗಿಲ್ಲದೆ ಬೇರೆ ಪಾಚಿ, ಬ್ಯಾಕ್ಟೀರಿಯಾ ಸೋತ ಜಾಗದಲ್ಲಿ ಇದು ಗೆಲ್ಲುತ್ತದೆ. ಇದಕ್ಕೆ ಮದ್ದು ತದ್ವಿರುದ್ಧ: ಹರಳು ತೆಗೆದೆ, ಮೀನಿಗೆ ಕೂಳು ಹೆಚ್ಚಿಸಿದೆ, ನೈಟ್ರೇಟ್ ಐದರ ಮೇಲೆ, ರಂಜಕ (ಫಾಸ್ಫೇಟ್ ಲೆಕ್ಕದಲ್ಲಿ) ಲೀಟರಿಗೆ 0.1 ಮಿಲಿಗ್ರಾಂ ಹತ್ತಿರ ತಂದೆ. ರಾತ್ರಿ ಇವು ನೀರಿಗೆ ತೇಲುತ್ತವೆ ಅಂತ ಯುವಿ ದೀಪ ಹಚ್ಚಿದೆ. ಐದು ವಾರಕ್ಕೆ ಹೋಯಿತು. ಹೀಗಾಗಿ ಯಾರಾದರೂ ಫೋಟೋ ಕಳಿಸಿ "ಕಂದು ಬಣ್ಣದ್ದು ಬಂದೈತಿ, ಏನು ಹಾಕಲಿ?" ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. ಹೊಸ ಟ್ಯಾಂಕಿನ ಮೊದಲ ತಿಂಗಳಿನ ಕಂದು ಪುಡಿಯಾದರೆ ಅದು ಡಯಾಟಮ್, ತಾನೇ ಹೋಗುತ್ತದೆ. ಇದಾದರೆ ಬೇರೆ. ಮೊದಲು ಅದು ಏನು ಅಂತ ಗೊತ್ತಾಗಬೇಕು.

ಕೆಲವರು ಪ್ರಶ್ನೆ ಕೇಳಿದರು, ಅವನ್ನೂ ಸೇರಿಸುತ್ತೇನೆ.

ಹಿರಿಯರೊಬ್ಬರು ಕೆಂಪು ಲೋಳೆಗೆ ಮೆಡಿಕಲ್ ಅಂಗಡಿಯ ಎರಿಥ್ರೊಮೈಸಿನ್ ಹಾಕಬಹುದೇ ಅಂದರು. ಕೆಂಪು ಲೋಳೆ ಪಾಚಿಯೇ ಅಲ್ಲ, ಸೈಯಾನೋಬ್ಯಾಕ್ಟೀರಿಯಾ, ಅದಕ್ಕೇ ಮಾತ್ರೆಗೆ ಸಾಯುತ್ತದೆ ನಿಜ. ಆದರೆ ಟ್ಯಾಂಕನ್ನು ಬದುಕಿಸಿರುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಬೀಳಬಹುದು, ಆ್ಯಂಟಿಬಯೋಟಿಕ್ ಬೆರೆತ ನೀರನ್ನು ನಾವು ಚರಂಡಿಗೇ ಚೆಲ್ಲುತ್ತೇವೆ. ನನ್ನ ಮನಸ್ಸು ಒಪ್ಪುವುದಿಲ್ಲ. ಲೋಳೆ ಕೂತಿರುವ ಮೂಲೆಗೆ ನೀರಿನ ಹರಿವು ತಿರುಗಿಸಿ, ಪೈಪಿನಿಂದ ಎಳೆಯಿರಿ.

ಒಬ್ಬ ತಂಗಿ ಕಲ್ಲನ್ನು ತೆಗೆದು ಕುದಿಯುವ ನೀರಿಗೆ ಹಾಕಿದರೆ ಪಾಚಿ ಒಂದೇ ಸಲ ಹೋಗುವುದಿಲ್ಲವೇ ಅಂದಳು. ಈ ಸಂಜೆ ನಾನು ಹೇಳಿದ ಉಳಿದದ್ದೆಲ್ಲ ಮರೆತರೂ ಇದನ್ನು ಮರೆಯಬೇಡಿ: ಕಲ್ಲನ್ನು ಯಾವತ್ತೂ ಕುದಿಸಬೇಡಿ. ಕೆಲವು ಝೊವಾಂಥಿಡ್‌ಗಳ ಮೈಯಲ್ಲಿ ಪಾಲಿಟಾಕ್ಸಿನ್ ಎಂಬ ಭಾರಿ ವಿಷವಿರುತ್ತದೆ. ಕುದಿಸಿದರೆ ಹಬೆಯ ಜೊತೆ ಮನೆಯ ಎಲ್ಲರ ಉಸಿರಿಗೆ ಹೋಗುತ್ತದೆ. ಬೇರೆ ದೇಶಗಳಲ್ಲಿ ಹೀಗೆ ಇಡೀ ಕುಟುಂಬಗಳೇ ಆಸ್ಪತ್ರೆ ಸೇರಿವೆ. ಕಲ್ಲು ಉಜ್ಜುವಾಗಲೂ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ.

ಕಿತ್ತ ಪಾಚಿ ಎಲ್ಲಿ ಚೆಲ್ಲಬೇಕು ಅನ್ನುವ ಪ್ರಶ್ನೆಯೂ ಬಂತು. ಸಿಹಿನೀರಿನಲ್ಲಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಿಸಿ, ಕಸಕ್ಕೆ ಹಾಕಿ. 1984ರಲ್ಲಿ ಮೊನಾಕೊದ ಅಕ್ವೇರಿಯಂ ಎದುರಿನ ಕಡಲಲ್ಲಿ ಕಾಣಿಸಿದ ಕಾಲರ್ಪಾ ಪಾಚಿ ಮೆಡಿಟರೇನಿಯನ್ ಕಡಲಿನ ಹಲವು ದೇಶಗಳ ತೀರಕ್ಕೆ ಹಬ್ಬಿತು. ನಮ್ಮ ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದಲ್ಲಿ ಬೇಸಾಯಕ್ಕೆ ತಂದ ಕಪ್ಪಾಫೈಕಸ್ ಹವಳದ ಮೇಲೆ ಹೊದಿಕೆಯಂತೆ ಹಬ್ಬಿದೆ ಅಂತ 2008ರಲ್ಲೇ ವರದಿಯಾಗಿದೆ. ಇಲ್ಲಿಂದ ಕಡಲು ದೂರ ನಿಜ, ಆದರೆ ರಜೆಗೆ ಗೋವಾಕ್ಕೆ ಹೋಗುವಾಗ ಟ್ಯಾಂಕಿನದು ಏನನ್ನೂ ಒಯ್ದು ಬಿಡಬೇಡಿ.

ಆಮೇಲೆ ಬಾಟಲಿಗಳು. ಹನ್ನೊಂದಕ್ಕೂ ಮೀಟರ್ ಅದ್ದಿದೆವು. ಎರಡು ಮಾತ್ರ ಹತ್ತರ ಒಳಗಿದ್ದವು. ನಾಲ್ಕು ಬಾಟಲಿಗಳು ನೂರನ್ನು ದಾಟಿದವು. ಕಲ್ಲು ಕುದಿಸುವ ಬಗ್ಗೆ ಕೇಳಿದ ತಂಗಿಯ ಬಾಟಲಿ 210 ತೋರಿಸಿತು. ಅವಳ ಮನೆ ಎರಡೇ ಓಣಿ ಆಚೆ ಇತ್ತು, ನಾಲ್ಕೈದು ಜನ ಜೊತೆಗೇ ನಡೆದುಕೊಂಡು ಹೋದೆವು. ಅವರಪ್ಪ ಆರ್‌ಓ ಮುಚ್ಚಳ ಬಿಚ್ಚಿಕೊಟ್ಟರು. ತಿರುಪು ಅರ್ಧ ತೆರೆದಿತ್ತು. ಅವಳ ಕೈಗೇ ಸ್ಕ್ರೂಡ್ರೈವರ್ ಕೊಟ್ಟೆ. ನಲ್ಲಿಯ ಕೆಳಗೆ ಲೋಟ ಹಿಡಿದು ಮೀಟರ್ ಅದ್ದಿಕೊಂಡು ನಿಂತೆವು: 210, 160, 115, 80. 60ಕ್ಕೆ ಬಂದು ನಿಂತಿತು. "ಇನ್ನ ರೆಸಿನ್ ಹಾಕಿದ್ರ ಆತಲ್ರಿ ಅಣ್ಣಾ?" ಅಂದಳು. ಹೌದವ್ವಾ ಅಂದೆ, ಮತ್ತು ಭಾನುವಾರಕ್ಕೆ ಒಂದು ಹಳೆಯ ಬ್ರಷ್ಷು ಹುಡುಕಿಟ್ಟುಕೊಳ್ಳಲು ಹೇಳಿದೆ.